ಕೆನಡಾದಿಂದ ತಂದ ಹಲ್ಲು

ಬೈಲಹೊಂಗಲ

ನಾನು ಕೆನಡಾದಿಂದ ಬಂದ ವಾರ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೇಳಿದ್ದು ಒಂದೇ ಮಾತು. "ಏನೇನ್ ತಂದ್ರಿ ಅಕ್ಕಾರ?" ತಂದ ಚಾಕಲೇಟು ಹಂಚಿದೆ. ಕೆಂಪು ಎಲೆಯ ಚಿತ್ರವಿದ್ದ ಚಹದ ಕಪ್ಪು ತೋರಿಸಿದೆ. ತಂದದ್ದರಲ್ಲಿ ಮುಖ್ಯವಾದದ್ದು ಒಂದು ಹಲ್ಲು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ, ಕಾಲಿಗೆ ಬಾವು. ಆ ಕಥೆ ಹೇಳುವ ತ್ರಾಣ ಆಗ ಇರಲಿಲ್ಲ.

ಹಲ್ಲು ನನ್ನ ಮೈದುನ ಶಿವಾನಂದನದು. ನಾನು ಕಿತ್ತೂರಿನಿಂದ ಸೊಸೆಯಾಗಿ ಈ ಮನೆಗೆ ಬಂದಾಗ ಅವನಿನ್ನೂ ಕಾಲೇಜಿನಲ್ಲಿದ್ದ. ಈಗ ತಲೆ ಬೆಳ್ಳಗಾಗಿದೆ. ಕೆನಡಾದ ಬಯಲು ನಾಡಿನ ಒಂದು ಊರಿನಲ್ಲಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ, ಟ್ರಂಪೆಟ್ ಕಲಿಸುವ ಪ್ರಾಧ್ಯಾಪಕ. ಟ್ರಂಪೆಟ್ ಎಂದರೆ ನಮ್ಮ ಮದುವೆ ಬ್ಯಾಂಡಿನ ಮುಂದಿನ ಸಾಲಿನವರು ಊದುವ ಹಿತ್ತಾಳೆಯ ವಾದ್ಯವೇ. ಅದರ ಜೊತೆಗೆ ಆ ಊರಿನ ಆರ್ಕೆಸ್ಟ್ರಾದಲ್ಲಿ ಮೊದಲ ಟ್ರಂಪೆಟ್ಟಿನ ಕುರ್ಚಿ ಅವನದು. ಆರ್ಕೆಸ್ಟ್ರಾ ಎಂದ ಕೂಡಲೇ ನಮ್ಮ ಕಡೆಯವರು ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವವರನ್ನು ನೆನೆಯುತ್ತಾರೆ. ಇದು ಅದಲ್ಲ. ಕರಿ ಬಟ್ಟೆ ತೊಟ್ಟ ಬಹಳಷ್ಟು ಜನ ಒಟ್ಟಿಗೆ ಕೂತು, ಎದುರಿಗೆ ಒಬ್ಬ ಕೋಲು ಆಡಿಸಿದಂತೆ, ಉಸಿರು ಬಿಗಿಹಿಡಿದು ಬಾರಿಸುವ ಮೇಳ.

ಅರಳೆ ವ್ಯಾಪಾರದ ನಮ್ಮ ಮನೆಯಲ್ಲಿ ಇದು ಯಾರ ತಲೆಗೂ ಹೊಕ್ಕಿರಲಿಲ್ಲ. ಮಾವನವರು ಇರುವವರೆಗೆ ಒಂದೇ ಮಾತು ಹೇಳುತ್ತಿದ್ದರು: "ಲಗ್ನಕ್ಕ ಬ್ಯಾಂಡ್ ತರಸೋ ಮನಿ ನಮ್ದು. ಊದೋ ಮನಿ ಅಲ್ಲ." ಅವರು ಹೋದ ಮೇಲೂ ಆ ಮಾತು ಪಡಸಾಲೆಯಲ್ಲಿ ಕೂತೇ ಇತ್ತು. ನನ್ನ ಗಂಡ ತಮ್ಮನ ಮೇಲೆ ಜೀವ ಇಟ್ಟುಕೊಂಡವರು, ಆದರೆ ಅವನ ಕೆಲಸದ ಬಗ್ಗೆ ಕೇಳುವಾಗ "ಹೆಂಗ ನಡದೈತಿ ನಿನ್ನ ಪೀಪಿ?" ಎನ್ನುವುದಕ್ಕಿಂತ ಮುಂದೆ ಹೋದವರಲ್ಲ.

ಒಂದು ದಿನ ಫೋನಿನಲ್ಲಿ ಶಿವಾನಂದ ಹೇಳಿದ. "ಅಣ್ಣಾ, ಮ್ಯಾಲಿನ ಮುಂದಿನ ಹಲ್ಲ ಸಡಲ ಆಗೇತಿ."

"ತಗಸಿ ಒಗಿ. ನಾ ಆಗಲೇ ನಾಕ್ ತಗಸೇನಿ."

"ನಿನಗ ನಡೀತೈತಿ. ನನ್ನ ಊದೋದೆಲ್ಲಾ ಆ ಹಲ್ಲಿನ ಮ್ಯಾಲೆ ನಿಂತೈತಿ. ಅದು ಹೋದ್ರ ಇದೂ ಹೋತು." ಆಮೇಲೆ ಅವನೇ ಮುಂದುವರಿಸಿದ. "ಡಾಕ್ಟರು ತಂತಿ ಹಾಕಿ ಬಾಜೂ ಹಲ್ಲಿಗೆ ಕಟ್ಟ್ಯಾರ. ವಸಂತದ ಕಡೀ ಕಛೇರಿತನಕ ತಡದ್ರ ಸಾಕು. ಅದ್ರಾಗ ಒಂದ ಕೃತಿ ಆರಂಭಕ್ಕ ಟ್ರಂಪೆಟ್ ಒಂದ ಐತಿ, ಒಟ್ಟ ಯಾರದೂ ಜೋಡಿಲ್ಲ. ಮನಿಯವ್ರು ಯಾರರ ಒಬ್ರು ಬಂದು ಕೇಳ್ರಿ. ಇಷ್ಟ ವರ್ಷದಾಗ ನಮ್ಮವ್ರು ಯಾರೂ ಕೇಳಿಲ್ಲ."

ಇವರ ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಕೋಲು ಬಿಟ್ಟಿರಲಿಲ್ಲ. ಫೋನು ಕೈಯಲ್ಲಿ ಹಿಡಿದೇ ನನ್ನ ಕಡೆ ನೋಡಿದರು. "ನಿಮ್ಮ ವೈನಿ ಬರತಾಳ. ಆಕಿಗೆ ಇಂಗ್ಲಿಷ್ ಬರತೈತಿ" ಎಂದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನು ನಾನು ಈ ಮನೆಯಲ್ಲಿ ಬಳಸಿದ್ದು ಔಷಧದ ಚೀಟಿ ಓದಲು ಮಾತ್ರ. ಅಂತೂ ಅದೇ ನನ್ನ ಟಿಕೀಟಾಯಿತು.

ನಾಯಿ

ವಿಮಾನದ ಬಗ್ಗೆ ಹೇಳುವಂಥದ್ದೇನಿಲ್ಲ. ಸವದತ್ತಿ ಗುಡ್ಡಕ್ಕೆ ಹುಣ್ಣಿಮೆ ದಿನ ಹೋಗುವ ಬಸ್ಸಿನಲ್ಲಿ ಕಾಲು ಚಾಚಲು ಸಿಗುವ ಜಾಗ ಅಲ್ಲಿ ಸಿಗಲಿಲ್ಲ. ಪಕ್ಕದ ಸೀಟಿನ ಅಜ್ಜಿ ಎಲ್ಲಿಯ ದೇಶದವಳೋ, ಮುಂಬೈಯಿಂದ ಮೊದಲ ನಿಲುಗಡೆಯವರೆಗೂ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಿದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಇಳಿಯುವಾಗ ನನ್ನ ಸೀರೆಯ ಮೇಲೆ ಬಿದ್ದ ಅವಳ ಬಿಳಿ ಕೂದಲನ್ನು ಅವಳೇ ಹೆಕ್ಕಿ ತೆಗೆದಳು.

ಕೆನಡಾದಲ್ಲಿ ಇಳಿದು ಚೀಲ ಇಳಿಸಿಕೊಂಡು ನಿಂತಿದ್ದಾಗ ಒಂದು ಸಣ್ಣ ನಾಯಿ ಬಂತು. ಅದಕ್ಕೆ ಅಂಗಿ ಹಾಕಿದ್ದರು. ನನ್ನ ಚೀಲ ಮೂಸಿ, ಅದರ ಮುಂದೆ ಶಿಸ್ತಾಗಿ ಕೂತುಬಿಟ್ಟಿತು. ಹಿಂದೆಯೇ ಬಂದ ಅಧಿಕಾರಿ ಹುಡುಗಿ ಬಹಳ ವಿನಯದಿಂದ ಚೀಲ ತೆರೆಸಿದಳು. ಬಿಳಿಜೋಳದ ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೊನೆಗೆ ರಂಜಕದ ಶೀಶೆ. ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ನಿಂಬೆ ಹಾಕಿ ಅರೆದ ಖಾರ ಅದು. ಶಿವಾನಂದ ಕಾಲೇಜಿಗೆ ಹೋಗುವಾಗ ಅದಿಲ್ಲದೆ ಊಟಕ್ಕೆ ಕೂರುತ್ತಿರಲಿಲ್ಲ.

"ಇದೇನು?" ಎಂದಳು ಹುಡುಗಿ.

ನಾನು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯದಲ್ಲಿ ಉತ್ತರ ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದು, ಕಣ್ಣಲ್ಲಿ ನೀರು ತುಂಬಿಕೊಂಡು, ಮುಚ್ಚಳ ಹಾಕಿ ವಾಪಸು ಕೊಟ್ಟಳು. ನಾಯಿ ಆಗಲೇ ಮೂರು ಹೆಜ್ಜೆ ಹಿಂದೆ ಸರಿದಿತ್ತು.

ಹಿಮದ ಊರು

ಏಪ್ರಿಲ್ ತಿಂಗಳು. ನಮ್ಮಲ್ಲಿ ಹಂಚು ಕಾದು ಸಿಡಿಯುವ ಹೊತ್ತು. ಅಲ್ಲಿ ರಸ್ತೆಯ ಅಂಚಿಗೆ ಕೊಳಕು ಹಿಮ ರಾಶಿ ಬಿದ್ದಿತ್ತು, ಅರಳೆ ಗಿರಣಿಯ ಹಿಂದೆ ಬಿಸಾಕಿದ ಹತ್ತಿಯಂತೆ. ಊರಿನ ಹೊರಗೆ ಕಣ್ಣು ಹೋದಷ್ಟು ದೂರ ಸಪಾಟು ಹೊಲ. ಸುರೇಬಾನದಿಂದ ಕಟಕೋಳದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಾಣುವ ಕರಿ ಎರೆಮಣ್ಣಿನ ಹೊಲದ ಹಾಗೆಯೇ, ಮೇಲೆ ಬಿಳಿ ಹಾಸಿದ್ದಷ್ಟೇ ವ್ಯತ್ಯಾಸ. ಆದರೆ ಹೊಲದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಒಂದು ಎಮ್ಮೆಯೂ ಇಲ್ಲ. ನೋಡಿ ನೋಡಿ ಕಣ್ಣಿಗೇ ದಣಿವಾಗುತ್ತಿತ್ತು.

ಶಿವಾನಂದನ ಮನೆ ಮರದ್ದು. ಒಬ್ಬನೇ ಇರುತ್ತಾನೆ. ಹೆಂಡತಿ ಅಲ್ಲಿಯವಳು, ಬಹಳ ಹಿಂದೆಯೇ ಬೇರೆಯಾದರು. ಜಗಳವೇನಿಲ್ಲ, ಹಬ್ಬಕ್ಕೆ ಕಾರ್ಡು ಬರುತ್ತದೆ. ಬಾಗಿಲಲ್ಲೇ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ಎದ್ದಾಗ ನಕ್ಕ. ಆಗ ಆ ತಂತಿ ಕಂಡಿತು. ಒಂದು ಹಲ್ಲಿನಿಂದ ಇನ್ನೊಂದಕ್ಕೆ, ಮುರಿದ ಬೇಲಿಗೆ ಕಟ್ಟಿದ ಹಾಗೆ.

ಅಂದೇ ತಾಟಿಗೆ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿ, ಅಂಚಿಗೆ ರಂಜಕ ಹಾಕಿದೆ. ಅವನು ಅದನ್ನೇ ನೋಡುತ್ತ ಕೂತ. ನೋಡುವ ರೀತಿ ಹೇಗಿತ್ತೆಂದರೆ, ಬಸ್ ನಿಲ್ದಾಣದಲ್ಲಿ ಪರಿಚಯದ ಮುಖ ಕಂಡು ಹೆಸರು ಕೂಗಲಾಗದೆ ನಿಂತವನಂತೆ. ಆಮೇಲೆ ಬೆರಳಿನಿಂದ ತಾಟನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದ.

"ತಗೀರಿ ವೈನಿ. ಖಾರ ಹತ್ತಿದ್ರ ತುಟಿ ಬಾವತೈತಿ. ತುಟಿ ಬಾತ್ರ ಸ್ವರ ನಿಲ್ಲೂದಿಲ್ಲ."

"ಯಾವಾಗಿಂದ ಬಿಟ್ಟಿ?"

"ಇಲ್ಲಿ ಕುರ್ಚಿ ಸಿಕ್ಕಾಗಿಂದ. ಕಛೇರಿ ಇರೋ ವಾರ ಮುಟ್ಟೂದಿಲ್ಲ." ನಕ್ಕ. "ಕಛೇರಿ ಇರಲಾರದ ವಾರ ಯಾವ್ದೂ ಇಲ್ಲ."

ಕಡಕ್ ರೊಟ್ಟಿಯನ್ನೂ ಕಚ್ಚಲಾರದೆ ಹಾಲಿನಲ್ಲಿ ನೆನೆಸಿಕೊಂಡು ತಿಂದ. ಸಾವಿರಾರು ಮೈಲಿ ಹೊತ್ತು ತಂದ ಬುತ್ತಿ ನನ್ನೊಬ್ಬಳ ಪಾಲಿಗೆ ಬಂತು. ಶೀಶೆಯನ್ನು ಫ್ರಿಜ್ಜಿನ ಹಿಂಭಾಗಕ್ಕೆ ಸರಿಸಿಟ್ಟೆ.

ಬೆಳಗಿನ ಸ್ವರ

ದಿನವೂ ಮುಂಜಾನೆ ನೆಲದ ಕೆಳಗಿನ ಕೋಣೆಯಿಂದ ಒಂದು ಸ್ವರ ಮೇಲೆ ಬರುತ್ತಿತ್ತು. ವಾದ್ಯದ ಬಾಯಿಗೆ ಮುಚ್ಚಳದಂಥದ್ದನ್ನು ಸಿಕ್ಕಿಸಿ ಊದುವುದರಿಂದ ಧ್ವನಿ ಸಣ್ಣದು, ಪಕ್ಕದ ಮನೆಯಲ್ಲಿ ಯಾರೋ ನರಳಿದ ಹಾಗೆ. ಒಂದೇ ಸ್ವರ, ಉಸಿರು ಮುಗಿಯುವವರೆಗೆ. ಆಮೇಲೆ ಮೌನ. ಮತ್ತೆ ಅದೇ ಸ್ವರ. ಹಾಡು ಗೀಡು ಏನೂ ಇಲ್ಲ.

"ಹಾಡ ಯಾವಾಗ ಬಾರಸ್ತಿ?" ಎಂದು ಕೇಳಿದೆ.

"ತುಟಿ ದಿನಾ ಹೊಸದಾಗಿ ಕಲೀಬೇಕ್ರಿ. ನಿನ್ನಿ ಕಲಿತದ್ದು ಇವತ್ತ ಅದಕ್ಕ ನೆನಪಿರೂದಿಲ್ಲ." ಚಹ ಕುಡಿಯುವಾಗಲೂ ಕಪ್ಪನ್ನು ಹಲ್ಲು ತಪ್ಪಿಸಿ ಬಾಯಿಯ ಮೂಲೆಗೆ ಇಡುತ್ತಿದ್ದ. "ನಾ ಈಗ ನಲವತ್ತ ವರ್ಷದಿಂದ ಒಂದ ಸ್ವರ ಊದಾಕ ಹತ್ತೇನಿ ಅಂತ ತಿಳೀರಿ."

ಅದನ್ನು ಹೆಮ್ಮೆಯಿಂದ ಹೇಳಲಿಲ್ಲ, ಬೇಸರದಿಂದಲೂ ಅಲ್ಲ. ಇಷ್ಟು ವರ್ಷ ಎಷ್ಟು ರೊಟ್ಟಿ ಬಡಿದೆ ಎಂದು ನಾನೂ ಒಮ್ಮೊಮ್ಮೆ ಯೋಚಿಸುವುದುಂಟು. ಅದೇ ಧಾಟಿ.

ವಿಶ್ವವಿದ್ಯಾಲಯದ ನೆಲಮಾಳಿಗೆ

ಒಂದು ದಿನ ಪಾಠಕ್ಕೆ ನನ್ನನ್ನೂ ಕರೆದೊಯ್ದ. ಸಂಗೀತದ ಕೋಣೆಗಳು ನೆಲದ ಕೆಳಗೆ, ಒಂದೊಂದು ನಮ್ಮ ದೇವರ ಕೋಣೆಯಷ್ಟು. ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು ತಮ್ಮದೇ ಸ್ವರ ಹಿಡಿದು ಕೂತಿದ್ದರು. ನಡುವಿನ ಹಾದಿಯಲ್ಲಿ ನಿಂತರೆ ಎಲ್ಲ ಸೇರಿ ಮಂಗಳವಾರ ಸಂತೆಯ ಗದ್ದಲ. ವಿದ್ಯಾರ್ಥಿಗಳು ಗುರುವನ್ನು ಹೆಸರು ಹಿಡಿದೇ ಕರೆಯುತ್ತಾರೆ. "ಶಿವ್" ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ವಾದ್ಯದೊಳಗೆ ಉಸಿರಿನ ತೇವ ನೀರಾಗಿ ನಿಲ್ಲುತ್ತದೆ. ಮಾತಾಡುತ್ತಲೇ ಅದನ್ನು ಸಣ್ಣ ತೂತಿನಿಂದ ನೆಲಕ್ಕೆ ಬಿಡುತ್ತಾರೆ. ನಾನು ಕೈಚೀಲದಿಂದ ಕರವಸ್ತ್ರ ತೆಗೆದು ಒರೆಸಲು ಬಗ್ಗಿದೆ. "ವೈನೀ! ಬಿಡ್ರಿ! ಇಲ್ಲಿ ಯಾರೂ ಎಂಜಲಾ ಮುಸುರಿ ನೋಡೂದಿಲ್ಲ" ಎಂದು ಶಿವಾನಂದ ನನ್ನನ್ನು ಎಬ್ಬಿಸಿದ. ಒರೆಸದ ನೆಲ ಇಡೀ ಪಾಠದುದ್ದಕ್ಕೂ ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು.

ಅಲ್ಲಿ ಹಾನಾ ಎಂಬ ಹುಡುಗಿಯ ಪರಿಚಯವಾಯಿತು. ಗೋಧಿ ಬೆಳೆಯುವ ಒಕ್ಕಲುತನದ ಮನೆಯವಳು. ಇವನ ಹತ್ತಿರವೇ ಕಲಿತು, ಈಗ ಆರ್ಕೆಸ್ಟ್ರಾದಲ್ಲಿ ಇವನ ಪಕ್ಕದ ಎರಡನೆಯ ಕುರ್ಚಿಯಲ್ಲಿ ಕೂರುತ್ತಾಳೆ. ಅಪ್ಪನ ಹಳೆಯ ಕೋಟು, ದಪ್ಪ ಬೂಟು, ಒಡೆದ ಕೈ. ಮಾತು ಕಡಿಮೆ. ನಮ್ಮ ಕಡೆಯ ಹುಡುಗಿಯೇ ಅನ್ನಿಸಿತು. ಊಟಕ್ಕೆ ಕರೆದೆ. ಬಂದಳು. ರಂಜಕ ನೋಡಿ ಅವಳೂ ತಲೆ ಅಲ್ಲಾಡಿಸಿದಳು, ತುಟಿ ತೋರಿಸಿದಳು. ಇಂಥವರಿಗೆ ಅಡಿಗೆ ಮಾಡಿ ಬಡಿಸುವುದು ಸಕ್ಕರೆ ಕಾಯಿಲೆಯವರ ಪಂಕ್ತಿಗೆ ಹೋಳಿಗೆ ಬಡಿಸಿದ ಹಾಗೆ.

ಅವಳು ಹೋದ ಮೇಲೆ ಪಾತ್ರೆ ಒರೆಸುತ್ತ ಶಿವಾನಂದ ತನ್ನ ಕಥೆ ಹೇಳಿದ. ಅರ್ಧ ನನಗೆ ಗೊತ್ತಿತ್ತು. ರಾಮದುರ್ಗದಲ್ಲಿ ಅವನ ಅಜ್ಜಿಯ ಮನೆ. ಅದೇ ಓಣಿಯಲ್ಲಿ ಹುಸೇನಸಾಬ ಮಾಸ್ತರರ ಬ್ಯಾಂಡ್ ಕಂಪನಿ. ಸೂಟಿಯಲ್ಲಿ ಅಲ್ಲಿಗೆ ಹೋದವನು ಬ್ಯಾಂಡಿನವರ ಟೆಂಪೊ ಹತ್ತಿ ಸುತ್ತಲಿನ ಊರುಗಳ ಮದುವೆಗೆಲ್ಲ ಹೋಗುತ್ತಿದ್ದ. ಕಾಲೇಜಿನಲ್ಲಿದ್ದಾಗ ಬೆಳಗಾವಿಯಲ್ಲಿ ಸೈನ್ಯದ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರು ಬರೆದ ಸ್ವರ ಓದಲು ಕಲಿಸಿದರು. ಅವರ ಶಿಫಾರಸಿನ ಚೀಟಿಯ ಮೇಲೆ ಹೊರದೇಶದ ಸಂಗೀತ ಕಾಲೇಜು, ವಿದ್ಯಾರ್ಥಿವೇತನ. ನನಗೆ ಗೊತ್ತಿರದಿದ್ದದ್ದು ಆಮೇಲಿನದು. ಆರ್ಕೆಸ್ಟ್ರಾದಲ್ಲಿ ಕುರ್ಚಿ ಖಾಲಿಯಾದರೆ ಪರೀಕ್ಷೆ ನಡೆಯುತ್ತದೆ. ಊದುವವನು ಪರದೆಯ ಹಿಂದೆ ನಿಲ್ಲಬೇಕು. ಗಂಡೋ ಹೆಣ್ಣೋ, ಕರಿಯೋ ಬಿಳಿಯೋ ತಿಳಿಯಬಾರದು. ಹೆಜ್ಜೆ ಸಪ್ಪಳದಿಂದಲೂ ಗುರುತು ಸಿಗಬಾರದೆಂದು ಬೂಟು ಕಳಚಿ ನಡೆಯಬೇಕು.

"ಎಷ್ಟ ಊರು ತಿರಗೇನಿ, ಎಷ್ಟ ಪರದೆ ಹಿಂದ ನಿಂತೇನಿ, ಲೆಕ್ಕಿಲ್ರಿ ವೈನಿ. ಕಾಲಚೀಲಕ್ಕ ತೂತು ಬಿದ್ದಿದ್ವು. ಕಡೀಕ ಇಲ್ಲಿ ಪರದೆ ತಗದ್ರಲ್ಲ, ಅವರ ಮಾರಿ ನೋಡಬೇಕಿತ್ತ ನೀವು."

ನನ್ನನ್ನು ನೋಡಲು ಬಂದವರ ಮುಂದೆ ಚಹದ ಟ್ರೇ ಹಿಡಿದು ನಿಂತದ್ದು ನೆನಪಾಯಿತು. ಅಂದು ಒಂದು ಪರದೆ ಇದ್ದಿದ್ದರೆ ಚೆನ್ನಾಗಿತ್ತು ಎಂದೆ. ಇಬ್ಬರೂ ನಕ್ಕೆವು. ನಗುವಾಗ ಅವನು ಕೈಯಿಂದ ಬಾಯಿ ಮುಚ್ಚಿಕೊಂಡ.

ತಾಲೀಮು

ಕಛೇರಿಗೆ ಎರಡು ದಿನ ಮೊದಲು ತಾಲೀಮು ನೋಡಲು ಹೋದೆ. ಖಾಲಿ ಸಭಾಂಗಣದಲ್ಲಿ ಕೋಟು ಹೊದ್ದು ಕೂತೆ. ಟ್ರಂಪೆಟ್ಟಿನವರ ಬಾಳು ಎಂಥದ್ದೆಂದು ಆ ದಿನ ತಿಳಿಯಿತು. ಪಿಟೀಲಿನವರು ಬೆವರು ಸುರಿಸಿ ಉಜ್ಜುತ್ತಲೇ ಇರುತ್ತಾರೆ. ಇವರು ವಾದ್ಯ ತೊಡೆಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಎಣಿಸುತ್ತ ಕೂರಬೇಕು. ಕುಕ್ಕರಿನ ಸೀಟಿ ಎಣಿಸಿದ ಹಾಗೆ. ಎಣಿಕೆ ತಪ್ಪಿದರೆ ಎಲ್ಲ ಕೆಟ್ಟಿತು. ಬಹಳ ಹೊತ್ತಾದ ಮೇಲೆ ಎದ್ದು ಎರಡು ಸ್ವರ, ಮತ್ತೆ ಎಣಿಕೆ.

ಆದರೆ ಆ ಒಂದು ಕೃತಿಯ ಆರಂಭ ಹಾಗಲ್ಲ. ಎಲ್ಲರೂ ಸುಮ್ಮನೆ. ಶಿವಾನಂದ ಒಬ್ಬನೇ ಊದಿದ. ಕೆಳಗಿನಿಂದ ಮೆಟ್ಟಿಲು ಹತ್ತಿದಂತೆ ಸ್ವರ ಏರಿತು, ನಿಂತಿತು, ಮತ್ತೆ ಏರಿತು. ತುದಿಯ ಸ್ವರ ಹಿಡಿಯುವಾಗ ಒಡೆಯಿತು. ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಹಾಡಿದವಳಾದ್ದರಿಂದ ಅಷ್ಟು ನನಗೂ ತಿಳಿಯುತ್ತದೆ. ಎದುರಿಗೆ ನಿಂತ ಕೋಲಿನವನು ನಕ್ಕು, ಮತ್ತೊಮ್ಮೆ ಎಂದ. ಎರಡನೆಯ ಸಲ ಬಂತು. ಮೂರನೆಯ ಸಲ ಮತ್ತೆ ಒಡೆಯಿತು.

ಪಿಟೀಲಿನವರು ತಮ್ಮ ಹಾಳೆ ಸರಿಮಾಡಿಕೊಂಡರು. ಹಾನಾ ಬೂಟು ನೋಡುತ್ತಿದ್ದಳು. ನಮ್ಮ ಮದುವೆಯಲ್ಲಾದರೆ ಯಾರಾದರೊಬ್ಬರು "ಏ ಮಾಸ್ತರ, ಚಾ ಕುಡದಿಲ್ಲೇನೋ!" ಎಂದು ಕೂಗಿ, ಎಲ್ಲರೂ ನಕ್ಕು, ಮುಗಿಯುತ್ತಿತ್ತು. ಆ ಸಭ್ಯ ಮೌನ ನೋಡಲು ಕಷ್ಟವಾಯಿತು.

ಕಾರಿನಲ್ಲಿ ನಾನೇ ಕೇಳಿದೆ. "ಹೊಸಾ ಹಲ್ಲ ಕೂಡಸ್ತಾರಲ್ಲ ಈಗ?"

"ಕೂಡಸ್ತಾರ. ಅದಕ್ಕ ತುಟಿ ಹೊಂದೂದ್ರಾಗ ವರ್ಷಾನೋ ಎರಡೋ. ನನ್ನ ವಯಸ್ಸಿನಾಂವಗ ಕುರ್ಚಿ ಅಷ್ಟ ದಿನಾ ಕಾಯೂದಿಲ್ಲ. ಸಾಲ್ಯಾಗ ಕಲಸೂದು ನಡೀತೈತಿ ಬಿಡ್ರಿ, ಅದಕ್ಕ ಬಾಯಿ ಮಾತ ಸಾಕು."

"ಹುಸೇನಸಾಬ ಮಾಸ್ತರಿಗೂ ಹಲ್ಲ ಹೋಗಿದ್ವಲ್ಲೋ. ಅವರು ಏನ್ ಮಾಡಿದ್ರು?"

ಕೆಂಪು ದೀಪಕ್ಕೆ ಕಾರು ನಿಲ್ಲಿಸಿದ. ರಸ್ತೆಯಲ್ಲಿ ಬೇರೆ ಗಾಡಿಯೇ ಇರಲಿಲ್ಲ, ಆದರೂ ನಿಂತೆವು. "ಅವರ ಬಾಜೂಕ ಯಾವಾಗ್ಲೂ ಇನ್ನೊಬ್ಬ ಟ್ರಂಪೆಟ್ಟಿನಾಂವ ಇರತಿದ್ದ. ಮಾಸ್ತರು ತುಟಿ ಸೋತು ಕಣ್ಣ ತಿರಗಸಿದ್ರಂದ್ರ ಅಂವ ಅಲ್ಲೇ ಹಿಡೀಬೇಕು, ನಡಬರಕ. ಮದಿಮಗನ ಕುದುರಿ ಮುಂದ ಹಾಡ ಹರೀಬಾರ್ದು. ಊದಾಂವ ಯಾರು ಅಂತ ಜನ ಕೇಳೂದಿಲ್ಲ, ಹಾಡ ನಿಂತ್ರ ಮಾತ್ರ ಹೊಳ್ಳಿ ನೋಡ್ತಾರ ಅಂತಿದ್ರು."

"ಇಲ್ಲಿ?"

"ಇಲ್ಲಿ ಊದಾಂವ ಯಾರು ಅಂತ ಹೆಸರ ಛಾಪಸ್ತಾರಲ್ರಿ ವೈನಿ." ದೀಪ ಹಸಿರಾಯಿತು. "ಮತ್ತ, ನೀವು ಬಂದೀರಿ."

ಆ ಕೊನೆಯ ಮಾತು ನನ್ನ ಎದೆಯ ಮೇಲೆ ಕೂತಿತು. ನಾನು ಬಾರದೆ ಇದ್ದಿದ್ದರೆ ಅವನಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಕಛೇರಿಯ ದಿನ

ಆ ದಿನ ಮುಂಜಾನೆ ಕೆಳಗಿನಿಂದ ಸ್ವರ ಬರಲಿಲ್ಲ. ನಾನು ಅನ್ನಕ್ಕಿಟ್ಟು ಬೇಳೆ ಕುದಿಸುತ್ತಿದ್ದೆ. ಇಂದು ಅವನಿಗೆ ಮೆತ್ತಗೆ ತಿಳಿಸಾರು ಅನ್ನ ಸಾಕೆಂದು. ಶಿವಾನಂದ ವಾದ್ಯ ಹಿಡಿದುಕೊಂಡೇ ಅಡಿಗೆಮನೆಗೆ ಬಂದ. ಲುಂಗಿ, ಹಳೆಯ ಸ್ವೆಟರು. ವಾದ್ಯದ ಬಾಯಿಗೆ ಮುಚ್ಚಳ ಇರಲಿಲ್ಲ.

"ವೈನಿ, ಗ್ಯಾಸ್ ಬಂದ್ ಮಾಡ್ರಿ. ಕುಂದ್ರಿ."

ಕೂತೆ. ಸೆರಗಿಗೆ ಕೈ ಒರೆಸಿಕೊಂಡೆ.

ಕಿಟಕಿಯ ಕಡೆ ಮುಖ ಮಾಡಿ ನಿಂತು ಊದಿದ. ಖಾಲಿ ಸಭಾಂಗಣದಲ್ಲಿ ದೂರದಿಂದ ಕೇಳಿದ್ದೇ ಬೇರೆ, ನಾಲ್ಕು ಅಡಿ ಅಂತರದಲ್ಲಿ ಕೇಳುವುದೇ ಬೇರೆ. ಸ್ವರ ಕಿವಿಗೆ ಬಡಿಯುವ ಮೊದಲು ಎದೆಗೆ ಬಡಿಯಿತು. ಮೆಟ್ಟಿಲು ಹತ್ತಿತು, ನಿಂತಿತು, ಮತ್ತೆ ಹತ್ತಿತು. ಅವನ ಕುತ್ತಿಗೆಯ ನರ ಉಬ್ಬಿತು. ತುದಿಯ ಸ್ವರ ಬಂತು. ಇಡಿಯಾಗಿ, ಒಡೆಯದೆ ಬಂತು. ಕಪಾಟಿನಲ್ಲಿದ್ದ ಸ್ಟೀಲಿನ ತಾಟು, ಲೋಟಗಳೆಲ್ಲ ಝಂಯ್ ಎಂದವು. ಅವನು ಊದುವುದು ನಿಲ್ಲಿಸಿದ ಮೇಲೂ ಒಂದು ಲೋಟ ಇನ್ನೂ ನಡುಗುತ್ತಿತ್ತು.

"ಬಂತಲ್ಲೋ!" ಎಂದೆ. ನನಗೆ ಅಳು ಬಂದಿತ್ತು.

"ಬಂತು." ವಾದ್ಯದ ನೀರನ್ನು ನೆಲಕ್ಕೆ ಬಿಡಲು ಹೋದವನು, ನನ್ನ ಮುಖ ನೋಡಿ, ಸಿಂಕಿಗೆ ಬಿಟ್ಟ. "ಸಂಜೀಕ ಬರತೈತೋ ಇಲ್ಲೋ ದೇವರಿಗೇ ಗೊತ್ತು. ನೀವು ಕೇಳಿದ್ರಲ್ಲ, ಆತು."

ಫೋನು ತೆಗೆದುಕೊಂಡು ಹಿತ್ತಲಿಗೆ ಹೋದ. ಹಿಮದಲ್ಲಿ ಚಪ್ಪಲಿ ಮೆಟ್ಟಿ ನಿಂತು ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಕೋಲಿನವನ ಜೊತೆಗೋ ಹಾನಾಳ ಜೊತೆಗೋ, ಕೇಳಿಸಲಿಲ್ಲ. ಬಹಳ ಹೊತ್ತೇನೂ ಆಗಲಿಲ್ಲ. ಒಳಗೆ ಬಂದು ಕೈ ತೊಳೆದುಕೊಂಡು ಊಟಕ್ಕೆ ಕೂತ.

"ರಂಜಕ ತಗೀರಿ."

"ಹುಚ್ಚ ಹಿಡದೈತೇನೋ? ಸಂಜೀಕ ಕಛೇರಿ ಐತಿ!"

"ಐತಿ. ಹಾನಾ ಊದತಾಳ. ತಗೀರಿ ವೈನಿ."

ಫ್ರಿಜ್ಜಿನ ಹಿಂಭಾಗದಿಂದ ಶೀಶೆ ತೆಗೆದೆ. ಚಮಚೆ ಅವನೇ ಇಸಿದುಕೊಂಡ. ಅನ್ನಕ್ಕೆ ರಂಜಕ, ಮೇಲೆ ಎಣ್ಣೆ. ಮೊದಲ ತುತ್ತಿಗೇ ಕಿವಿ ಕೆಂಪಾದವು, ಮೂಗಿನಲ್ಲಿ ನೀರು. ತಿನ್ನುವುದು ನಿಲ್ಲಿಸಲಿಲ್ಲ. ತುಟಿಯ ಮೇಲೆ ವರ್ಷಗಟ್ಟಲೆ ವಾದ್ಯ ಒತ್ತಿ ಉಂಗುರದಂಥ ಗುರುತಿದೆ ಅವನಿಗೆ. ಆ ಉಂಗುರ ಬಾತು ಎದ್ದಿತು. "ಬೆಳ್ಳೊಳ್ಳಿ ಜಾಸ್ತಿ ಹಾಕೀರಿ" ಎಂದ. "ಅವ್ವ ಇಷ್ಟ ಹಾಕತಿರಲಿಲ್ಲ."

"ನಿಮ್ಮ ಅಣ್ಣಗ ಬೇಕು ಅಂತ ಹಾಕತೇನಿ. ಸುಮ್ನ ಉಣ್ಣು."

ಸಂಜೆ ಕಪ್ಪು ಕೋಟು ತೊಟ್ಟು, ವಾದ್ಯವಿಲ್ಲದೆ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ವೇದಿಕೆಯ ಮೇಲೆ ಮೊದಲ ಕುರ್ಚಿಯಲ್ಲಿ ಹಾನಾ. ಬೂಟು ಹೊಸದು. ಕೋಲಿನವನು ಕೈ ಎತ್ತಿದಾಗ ಅವಳು ಒಮ್ಮೆ ಸಭೆಯ ಕಡೆ ಕಣ್ಣು ಹಾಯಿಸಿದಳು. ಅವಳು ಊದುತ್ತಿದ್ದಷ್ಟು ಹೊತ್ತು ನನ್ನ ಕೋಟಿನ ತೋಳಿನ ಮೇಲೆ ಶಿವಾನಂದನ ಮೂರು ಬೆರಳು ಏಳುತ್ತ ಬೀಳುತ್ತ ಇದ್ದವು, ವಾದ್ಯದ ಗುಂಡಿ ಒತ್ತಿದಂತೆ. ಅವನಿಗೆ ಅದು ಗೊತ್ತಿತ್ತೆಂದು ನನಗನ್ನಿಸುವುದಿಲ್ಲ. ತುದಿಯ ಸ್ವರದ ಹತ್ತಿರ ಬೆರಳು ನಿಂತವು. ಸ್ವರ ಬಂತು. ಹಾಡು ಹರಿಯಲಿಲ್ಲ. ಇಡೀ ಮೇಳ ಅದನ್ನು ಎತ್ತಿಕೊಂಡು ಮುಂದೆ ನಡೆಯಿತು. ನನ್ನ ತೋಳು ಮರುದಿನವೂ ಸ್ವಲ್ಪ ನೋಯುತ್ತಿತ್ತು.

ಬಿಡುವಿನಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಹೊರಳಿ ನೋಡಿ, ಪ್ರೊಫೆಸರ್, ಇವತ್ತೇಕೆ ಇಲ್ಲಿ ಕೂತಿದ್ದೀರಿ ಎಂದು ಕೇಳಿದರು. ಮಧ್ಯಾಹ್ನ ಬಹಳ ಖಾರ ತಿಂದುಬಿಟ್ಟೆ ಎಂದ ಶಿವಾನಂದ, ಅವರದೇ ಭಾಷೆಯಲ್ಲಿ, ಗಂಭೀರವಾಗಿ. ಅವರು ನನ್ನ ಸೀರೆಯ ಕಡೆ ನೋಡಿ, ಎಲ್ಲ ಅರ್ಥವಾದವರಂತೆ ತಲೆದೂಗಿದರು. ಅಪರಾಧ ನನ್ನ ಮೇಲೆ ಬಂತು.

ದಂತವೈದ್ಯರಲ್ಲಿ

ಹಲ್ಲು ಕೀಳುವುದಕ್ಕೆ ಕಛೇರಿಗಿಂತ ಕಡಿಮೆ ಹೊತ್ತು ಸಾಕಾಯಿತು. ಶಿವಾನಂದ ಬಾಯಿಗೆ ಅರಳೆ ಕಚ್ಚಿಕೊಂಡು ಹೊರಬಂದ. ಅರಳೆ ವ್ಯಾಪಾರಿಯ ಮಗನಿಗೆ ತಕ್ಕುದಾಯಿತು ಎಂದೆ. ನಗಬೇಡಿ ಎಂದು ಕೈ ಮಾಡಿದ. ಕಾರಿನಲ್ಲಿ ಕೂತ ಮೇಲೆ ಜೇಬಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಮಡಿಲಲ್ಲಿಟ್ಟ. ಒಳಗೆ ಹಲ್ಲು, ಅದಕ್ಕಂಟಿದ ತಂತಿಯ ತುಂಡು. ಇಷ್ಟು ಸಣ್ಣ ವಸ್ತುವಿನ ಮೇಲೆ ಇಷ್ಟು ದೊಡ್ಡ ಸಂಸಾರ ನಿಂತಿತ್ತು.

"ವೈನಿ, ಊರಾಗ ಮುಂದಿನ ಪಡಸಾಲಿ ಮಣ್ಣಿನ ಮಾಳಿಗಿ ಇನ್ನೂ ಐತೇನ್ರಿ?" ಮಾತೆಲ್ಲ ಅರಳೆಯೊಳಗಿಂದ.

"ಐತಿ. ಮಳಿಗಾಲದಾಗ ಸೋರತೈತಿ. ನಿಮ್ಮಣ್ಣ ಕೆಡವಾಕ ಕೊಡೂದಿಲ್ಲ."

"ಇದನ್ನ ಅವನ ಕೈಲೆ ಅದ್ರ ಮ್ಯಾಲೆ ಒಗಸ್ರಿ. ಸಣ್ಣಾಂವ ಇದ್ದಾಗ ನನ್ನ ಹಾಲಹಲ್ಲೆಲ್ಲಾ ಅವನ ಒಗದಾನ. ಸಗಣ್ಯಾಗ ಸುತ್ತಿ."

ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಮೇಲೆ ಎಸೆದರೆ ಹೊಸ ಹಲ್ಲು ಚೆನ್ನಾಗಿ ಬರುತ್ತದೆಂದು ನಮ್ಮಲ್ಲಿ ಮಕ್ಕಳಿಗೆ ಹೇಳುತ್ತಾರೆ. ಅರವತ್ತರ ಹತ್ತಿರದ ಪ್ರಾಧ್ಯಾಪಕ ಅದನ್ನು ಹೇಳುವಾಗ ರಸ್ತೆಯನ್ನೇ ನೋಡುತ್ತಿದ್ದ. ನಾನು ಡಬ್ಬಿಯನ್ನು ಕೈಚೀಲದಲ್ಲಿ, ಕುಂಕುಮದ ಕರಡಿಗೆಯ ಪಕ್ಕದಲ್ಲಿಟ್ಟುಕೊಂಡೆ.

ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಯಂತ್ರದೊಳಗೆ ತಂತಿ ಕಂಡು ಕೈಚೀಲ ತೆರೆಸಿದರು. ಇದೇನು ಎಂದು ಕೇಳಿದರು. ಹಲ್ಲು, ನನ್ನ ಗಂಡನ ತಮ್ಮನದು, ಮನೆಯ ಮಾಳಿಗೆಯ ಮೇಲೆ ಎಸೆಯಲು ಒಯ್ಯುತ್ತಿದ್ದೇನೆ ಎಂದು ಪೂರ್ಣ ವಾಕ್ಯದಲ್ಲಿ ಹೇಳಿದೆ. ಆ ಮನುಷ್ಯ ಬಹಳ ಹೊತ್ತು ನನ್ನ ಮುಖ ನೋಡಿ, ಎಚ್ಚರಿಕೆಯಿಂದ ಡಬ್ಬಿ ಮುಚ್ಚಿ, ಶುಭಪ್ರಯಾಣ ಹೇಳಿದ.

ಮತ್ತೆ ಬೈಲಹೊಂಗಲ

ಬಂದ ದಿನ ಇವರು ಏನೂ ಕೇಳಲಿಲ್ಲ. ಮರುದಿನ ಚಹ ಕುಡಿಯುತ್ತ, ಪೇಪರಿನಿಂದ ಕಣ್ಣೆತ್ತದೆ ಕೇಳಿದರು. "ಕೇಳಿದೇನು ಅವನ ಪೀಪಿ?"

"ಕೇಳಿದೆ."

"ಹೆಂಗಿತ್ತು?"

ಹೇಗೆ ಹೇಳುವುದು? "ಅಡಗಿಮನ್ಯಾಗಿನ ಭಾಂಡಿ ಎಲ್ಲಾ ಝಂಯ್ ಅಂದ್ವು" ಎಂದೆ. ಇವರು ಪೇಪರು ಮಡಚಿಟ್ಟರು. ಉಳಿದದ್ದನ್ನೂ ಹೇಳಿದೆ. ಡಬ್ಬಿಯನ್ನು ಕೈಗೆ ಕೊಟ್ಟೆ.

ಬಹಳ ಹೊತ್ತು ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಪಕ್ಕದ ಮನೆಯ ಎಮ್ಮೆಯ ಸಗಣಿ ತರಿಸಿ, ತಾವೇ ಸುತ್ತಿ, ಕೋಲೂರಿಕೊಂಡು ಅಂಗಳಕ್ಕೆ ಇಳಿದರು. ಮೊದಲ ಸಲ ಎಸೆದದ್ದು ಮಾಳಿಗೆಯ ಅಂಚಿಗೆ ಬಡಿದು ಹೊರಳಿ ಬಂತು. ಇಬ್ಬರೂ ತುಳಸಿಕಟ್ಟೆಯ ಸುತ್ತ ಬಗ್ಗಿ ಹುಡುಕಿದೆವು. ನನಗೆ ಕಾಲು ನೋವು, ಅವರಿಗೆ ಮೊಣಕಾಲು ನೋವು. ಸಿಕ್ಕಿತು. ಎರಡನೆಯ ಸಲ ಕೋಲನ್ನು ನನ್ನ ಕೈಗೆ ಕೊಟ್ಟು ಎಸೆದರು. ನಿಂತಿತು.

"ಫೋನ್ ಹಚ್ಚು ಅವಂಗ" ಎಂದರು.

ಅಲ್ಲಿ ಹಿಂದಿನ ದಿನದ ಸಂಜೆ, ಇನ್ನೂ ಬೆಳಕಿತ್ತು. "ಬಿತ್ತೇನೋ ಅಣ್ಣಾ ಮ್ಯಾಲೆ?" ಎಂದ ಶಿವಾನಂದ. ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತಿತ್ತು.

"ಬಿತ್ತು." ಇವರು ಮಾಳಿಗೆಯ ಕಡೆಗೇ ನೋಡುತ್ತಿದ್ದರು. "ಅಪ್ಪಾ ಇದ್ದಿದ್ರ ಬೈತಿದ್ದ." ಆಮೇಲೆ, "ಭಾಂಡಿ ಝಂಯ್ ಅಂದ್ವಂತಲ್ಲೋ" ಎಂದರು.

ಆ ಕಡೆಯಿಂದ ಸಂದಿಯಲ್ಲಿ ಸೋರುವ ಗಾಳಿಯ ಸದ್ದು ಮಾತ್ರ ಬಂತು.

"ಇನ್ನ ಖಾರ ತಿಂದ್ರ ಯಾರ ಏನಂತಾರ? ಸೂಟಿ ಹಾಕಿ ಬಾ. ರಂಜಕ ಅರಸತೇನಿ" ಎಂದರು ಇವರು.

ಅರೆಯುವವಳು ನಾನು ಎಂಬುದು ಅಣ್ಣತಮ್ಮಂದಿರಿಬ್ಬರಿಗೂ ನೆನಪಾದಂತಿರಲಿಲ್ಲ. ಇರಲಿ. ಪೇಟೆಗೆ ಹಸಿ ಕೆಂಪು ಮೆಣಸಿನಕಾಯಿ ಬರಲು ಚಳಿಗಾಲವಾಗಬೇಕು. ಅಷ್ಟರೊಳಗೆ ನನ್ನ ಕಾಲಿನ ಬಾವು ಇಳಿದೀತು. ಬೆಳ್ಳುಳ್ಳಿ ಈ ಸಲ ಸ್ವಲ್ಪ ಕಡಿಮೆ ಹಾಕುತ್ತೇನೆ.